ಫೋನ್ ಬದಲಾದ ಮೇಲೆ ಚಾಟ್‌ಜಿಪಿಟಿ ಖಾತೆ ಖಾಲಿ, ಹಣ ಮಾತ್ರ ಕಡಿತ: ಏನಾಗಿರಬಹುದು, ಏನು ಮಾಡಬಹುದು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕ. ಪಾಠಯೋಜನೆ, ಘಟಕ ಪರೀಕ್ಷೆಯ ಪ್ರಶ್ನೆಗಳು, ಪ್ರಶ್ನೆಪತ್ರಿಕೆಯ ನೀಲನಕ್ಷೆ ಇತ್ಯಾದಿಗಳಿಗೆ ಬಹಳ ದಿನಗಳಿಂದ ಚಾಟ್‌ಜಿಪಿಟಿಯನ್ನು ಬಳಸುತ್ತಿದ್ದೇನೆ. ಕಳೆದ ತಿಂಗಳು ಹಳೆಯ ಫೋನ್ ಕೈಜಾರಿ ಬಿದ್ದು ಪರದೆ ಹೋಯಿತು. ಹೊಸ ಫೋನ್ ಕೊಂಡಾಗ ಅಂಗಡಿಯ ಹುಡುಗನೇ ಎಲ್ಲವನ್ನೂ ಸಿದ್ಧಪಡಿಸಿ ಕೊಟ್ಟ. ಮನೆಗೆ ಬಂದು ಚಾಟ್‌ಜಿಪಿಟಿ ಆ್ಯಪ್ ಹಾಕಿಕೊಂಡು ತೆರೆದರೆ ಹಳೆಯ ಸಂಭಾಷಣೆಗಳು ಒಂದೂ ಇಲ್ಲ, ನಾನು ಉಚಿತ ಯೋಜನೆಯಲ್ಲಿದ್ದೇನೆ ಎಂದು ಬರುತ್ತದೆ. ಆದರೆ ಬ್ಯಾಂಕಿನಿಂದ 399 ರೂಪಾಯಿ ಎಂದಿನಂತೆ ಕಡಿತವಾಗಿದೆ. ಆ್ಯಪ್‌ನಲ್ಲಿಯೇ ಕೇಳಿದಾಗ “ನಿಮ್ಮ ದತ್ತಾಂಶವನ್ನು 48 ಗಂಟೆಗಳೊಳಗೆ ಮರುಸ್ಥಾಪಿಸಲಾಗುವುದು” ಎಂಬ ಉತ್ತರ ಬಂತು. ಒಂದು ವಾರ ಕಾದರೂ ಏನೂ ಆಗಲಿಲ್ಲ. ಅಂತರ್ಜಾಲದಲ್ಲಿ ಸಿಕ್ಕಿದ ಗ್ರಾಹಕ ಸೇವಾ ಸಂಖ್ಯೆಗೆ ಕರೆ ಮಾಡಿದರೆ, ಪರದೆ ಹಂಚಿಕೊಳ್ಳುವ ಆ್ಯಪ್ ಒಂದನ್ನು ಹಾಕಿಕೊಳ್ಳಲು ಹೇಳಿದರು. ಅನುಮಾನ ಬಂದು ಕರೆ ಕಡಿದೆ. ನನ್ನ ಖಾತೆ ಹ್ಯಾಕ್ ಆಗಿದೆಯೇ? ಹಳೆಯ ಟಿಪ್ಪಣಿಗಳು ಮತ್ತೆ ಸಿಗುತ್ತವೆಯೇ? ಹಣದ ಕಡಿತ ನಿಲ್ಲಿಸುವುದು ಹೇಗೆ? ಜೊತೆಗೆ, ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಟ್ಟ ಹಳೆಯ ಟಿಪ್ಪಣಿಗಳನ್ನು ಅಂಟಿಸಿದರೆ ಅದು ಏನೇನೋ ಉತ್ತರಿಸುತ್ತದೆ, ಉದ್ದದ ಪಾಠ ಕೊಟ್ಟರೆ ನಡುವೆಯೇ ನಿಂತುಬಿಡುತ್ತದೆ. ಇದೂ ಖಾತೆಯ ದೋಷವೇ?

ಉತ್ತರ: ಮೊದಲು ನೆಮ್ಮದಿಯ ಮಾತು. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಖಾತೆ ಹ್ಯಾಕ್ ಆಗಿರುವ ಸಾಧ್ಯತೆ ಕಡಿಮೆ. ನಿಮ್ಮ ಹಳೆಯ ಖಾತೆ ಬಹುಮಟ್ಟಿಗೆ ಇದ್ದಲ್ಲೇ ಇದೆ, ಅದರೊಳಗಿನ ಟಿಪ್ಪಣಿಗಳೂ ಹಾಗೆಯೇ ಇವೆ, ಚಂದಾ ಹಣವೂ ಅದಕ್ಕೇ ಸಂದಾಯವಾಗುತ್ತಿದೆ. ನೀವು ಈಗ ಹೊಸ ಫೋನಿನಲ್ಲಿ ತೆರೆದು ನೋಡುತ್ತಿರುವುದು ಬೇರೊಂದು ಖಾತೆಯನ್ನು. ಜನರ ಫೋನು, ಗಣಕಯಂತ್ರ, ಖಾತೆಗಳ ತೊಡಕು ಬಿಡಿಸುವ ಕೆಲಸವನ್ನು ಬಹಳ ವರ್ಷಗಳಿಂದ ಮಾಡುತ್ತಿದ್ದೇನೆ. “ಎಲ್ಲವೂ ಅಳಿಸಿಹೋಗಿದೆ” ಎಂದು ಗಾಬರಿಯಿಂದ ಬಂದವರಲ್ಲಿ ಹೆಚ್ಚಿನವರದು ನಿಮ್ಮಂಥದೇ ಕಥೆ.

ಈ ಗೊಂದಲಕ್ಕೆ ವಾಟ್ಸ್ಆ್ಯಪ್ ನಮಗೆ ಮಾಡಿಸಿರುವ ಅಭ್ಯಾಸವೂ ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ. ವಾಟ್ಸ್ಆ್ಯಪ್‌ನಲ್ಲಿ ನಿಮ್ಮ ಗುರುತು ಎಂದರೆ ಮೊಬೈಲ್ ಸಂಖ್ಯೆ. ಸಂದೇಶಗಳು ಇರುವುದು ಫೋನಿನಲ್ಲಿ, ಅವುಗಳ ನಕಲು ಗೂಗಲ್ ಡ್ರೈವ್‌ನಲ್ಲಿ. ಅದೇ ಸಿಮ್ ಹಾಕಿ ನಕಲನ್ನು ಇಳಿಸಿಕೊಂಡರೆ ಎಲ್ಲವೂ ಮರಳುತ್ತದೆ. ಚಾಟ್‌ಜಿಪಿಟಿಯಲ್ಲಿ ಸಂಭಾಷಣೆಗಳು ಫೋನಿನಲ್ಲಿ ಇರುವುದೇ ಇಲ್ಲ, ಅವು ಓಪನ್‌ಎಐ ಕಂಪನಿಯ ಸರ್ವರ್‌ನಲ್ಲಿ ನಿಮ್ಮ ಹೆಸರಿನ ಖಾತೆಯಲ್ಲಿರುತ್ತವೆ. ಹಾಗಾಗಿ ಫೋನ್ ಒಡೆದರೂ, ಕಳೆದುಹೋದರೂ, ಆ್ಯಪ್ ತೆಗೆದುಹಾಕಿದರೂ ಅವಕ್ಕೆ ಏನೂ ಆಗುವುದಿಲ್ಲ. ಆ್ಯಪ್ ಫೋನಿನಲ್ಲಿ ತಾತ್ಕಾಲಿಕವಾಗಿ ಕೂಡಿಟ್ಟುಕೊಳ್ಳುವ ಕಡತಗಳನ್ನು (ಕ್ಯಾಶ್) ಅಳಿಸಿದರೂ ಅಷ್ಟೇ. ಆದರೆ ಆ ಖಾತೆಗೆ ನಿಮ್ಮ ಗುರುತು ಬಹುಪಾಲು ಸಂದರ್ಭಗಳಲ್ಲಿ ಇ-ಮೇಲ್ ವಿಳಾಸವೇ ಹೊರತು ಮೊಬೈಲ್ ಸಂಖ್ಯೆಯಲ್ಲ. ಕೆಲವರು ಫೋನ್ ಸಂಖ್ಯೆಯಿಂದಲೇ ಖಾತೆ ತೆರೆದಿರಬಹುದು, ಅವರಿಗೆ ಆ ಸಂಖ್ಯೆಯೇ ಕೀಲಿಕೈ. ಉಳಿದವರಿಗೆಲ್ಲ ಸಿಮ್ ಒಂದೇ ಆಗಿದ್ದರೂ ಇ-ಮೇಲ್ ಬೇರೆಯಾದರೆ ಖಾತೆಯೂ ಬೇರೆಯೇ.

ಈಗ ಅಂಗಡಿಯಲ್ಲಿ ನಡೆದಿರಬಹುದಾದುದನ್ನು ಊಹಿಸಿ ನೋಡಿ. ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಸ್ಟೋರ್ ತೆರೆಯಬೇಕಾದರೆ ಒಂದು ಗೂಗಲ್ ಖಾತೆ ಬೇಕು. ಗಿರಾಕಿಗೆ ತನ್ನ ಹಳೆಯ ಜಿಮೇಲ್‌ನ ಪಾಸ್‌ವರ್ಡ್ ನೆನಪಿರುವುದಿಲ್ಲ, ಅಂಗಡಿಯಲ್ಲಿ ಹಿಂದೆ ಇನ್ನೂ ನಾಲ್ಕು ಜನ ಕಾಯುತ್ತಿರುತ್ತಾರೆ. ಹುಡುಗ ಎರಡೇ ನಿಮಿಷದಲ್ಲಿ ನಿಮ್ಮ ಹೆಸರಿನ ಮುಂದೆ ಒಂದಷ್ಟು ಅಂಕಿಗಳನ್ನು ಸೇರಿಸಿ ಹೊಸ ಜಿಮೇಲ್ ತೆರೆದು ಫೋನ್ ಕೈಗಿಡುತ್ತಾನೆ. ಅವನನ್ನು ದೂರುವಂತಿಲ್ಲ, ಅದು ಅವನ ಕೆಲಸದ ಧಾಟಿ. ಮನೆಗೆ ಬಂದ ನೀವು ಚಾಟ್‌ಜಿಪಿಟಿಯಲ್ಲಿ ‘ಗೂಗಲ್ ಮೂಲಕ ಮುಂದುವರಿಯಿರಿ’ ಎಂಬುದನ್ನು ಒತ್ತುತ್ತೀರಿ. ಫೋನು ತನ್ನಲ್ಲಿರುವ ಒಂದೇ ಜಿಮೇಲನ್ನು ಮುಂದೊಡ್ಡುತ್ತದೆ. ಆ ವಿಳಾಸದಲ್ಲಿ ಈ ಮೊದಲು ಖಾತೆ ಇಲ್ಲದ್ದರಿಂದ ಸದ್ದಿಲ್ಲದೆ ಹೊಸದೊಂದು ಖಾತೆ ಹುಟ್ಟುತ್ತದೆ. “ಹಳೆಯ ಖಾತೆ ಸಿಗಲಿಲ್ಲ, ಹೊಸದು ತೆರೆಯಲೇ?” ಎಂದು ಅದು ಬಿಡಿಸಿ ಕೇಳುವಂತಿದ್ದರೆ ಎಷ್ಟೋ ಜನರ ಪರದಾಟ ತಪ್ಪುತ್ತಿತ್ತು.

ಈ ಊಹೆ ಸರಿಯೋ ತಪ್ಪೋ ಎಂಬುದನ್ನು ಒಂದು ನಿಮಿಷದಲ್ಲಿ ತಿಳಿಯಬಹುದು. ಆ್ಯಪ್‌ನ ಸೆಟ್ಟಿಂಗ್ಸ್ ತೆರೆದರೆ ಈಗ ಯಾವ ಇ-ಮೇಲ್‌ನಿಂದ ಒಳಬಂದಿದ್ದೀರಿ ಎಂಬುದು ಕಾಣುತ್ತದೆ. ಅದು ನಿಮಗೆ ಪರಿಚಯವಿಲ್ಲದ ವಿಳಾಸವಾಗಿದ್ದರೆ ರೋಗ ಪತ್ತೆಯಾದಂತೆ. ಹಾಗಿದ್ದಲ್ಲಿ ಇನ್ನೊಂದು ಎಚ್ಚರವೂ ಅಗತ್ಯ: ಆ ಹೊಸ ಜಿಮೇಲ್‌ನ ಪಾಸ್‌ವರ್ಡ್ ಅಂಗಡಿಯ ಹುಡುಗನಿಗೆ ಗೊತ್ತು. ಅವನು ಒಳ್ಳೆಯವನೇ ಇರಬಹುದು, ಆದರೆ ನಿಮ್ಮ ಫೋಟೋಗಳು, ಸಂಪರ್ಕ ಸಂಖ್ಯೆಗಳು, ಮುಂದೆ ಬರುವ ಬ್ಯಾಂಕ್ ಪತ್ರಗಳು ಎಲ್ಲವೂ ಆ ಜಿಮೇಲ್‌ಗೆ ಜೋತುಬೀಳುತ್ತವೆ. ಇವತ್ತೇ ಪಾಸ್‌ವರ್ಡ್ ಬದಲಿಸಿ, ಮರುಪಡೆಯುವಿಕೆಗೆ ಕೊಟ್ಟಿರುವ ಮೊಬೈಲ್ ಸಂಖ್ಯೆ ನಿಮ್ಮದೇ ಹೌದೇ ಎಂದು ನೋಡಿಕೊಳ್ಳಿ.

ಹಳೆಯ ಇ-ಮೇಲ್ ಯಾವುದೆಂದು ನೆನಪಿಲ್ಲದಿದ್ದರೆ ಪತ್ತೆಗೆ ಕೆಲವು ಜಾಡುಗಳಿವೆ. ನಿಮ್ಮದು ಪರದೆ ಮಾತ್ರ ಹೋದ ಫೋನ್ ಎಂದಾದರೆ, ಪರದೆ ಬದಲಿಸಿ ಒಮ್ಮೆ ಚಾಲೂ ಮಾಡುವುದೇ ಎಲ್ಲಕ್ಕಿಂತ ನೇರವಾದ ದಾರಿ. ಅದರಲ್ಲಿ ಹಳೆಯ ಖಾತೆ ತೆರೆದೇ ಇರುತ್ತದೆ. ಆ ಖರ್ಚು ಬೇಡವೆಂದರೆ ಗೂಗಲ್‌ನ ಲಾಗಿನ್ ಪುಟದಲ್ಲಿ ‘ಇ-ಮೇಲ್ ಮರೆತಿರಾ?’ ಎಂಬಲ್ಲಿ ಮೊಬೈಲ್ ಸಂಖ್ಯೆ ಮತ್ತು ಹೆಸರು ಕೊಟ್ಟರೆ, ಆ ಸಂಖ್ಯೆಗೆ ಬರುವ ಒಟಿಪಿಯ ನಂತರ ಅದಕ್ಕೆ ಸೇರಿದ ವಿಳಾಸಗಳನ್ನು ತೋರಿಸುತ್ತದೆ. ಹೆಸರನ್ನು ಖಾತೆ ತೆರೆಯುವಾಗ ಹೇಗೆ ಬರೆದಿದ್ದಿರೋ ಹಾಗೆಯೇ ಕೊಡಬೇಕು. ಇನಿಷಿಯಲ್ ಹಿಂದೆಯೋ ಮುಂದೆಯೋ ಎಂಬುದರಲ್ಲೇ ಹಲವರು ಎಡವುತ್ತಾರೆ. ವಿಳಾಸ ಸಿಕ್ಕಿ ಪಾಸ್‌ವರ್ಡ್ ಮರೆತಿದ್ದರೆ, ಮರುಪಡೆಯುವ ಪ್ರಯತ್ನವನ್ನು ನೀವು ಸದಾ ಬಳಸುವ ಜಾಗದಿಂದ, ಮನೆಯ ಅಥವಾ ಶಾಲೆಯ ಅದೇ ವೈಫೈನಿಂದ, ಹಿಂದೆ ಆ ಜಿಮೇಲ್ ತೆರೆದಿದ್ದ ಗಣಕಯಂತ್ರದಿಂದಲೇ ಮಾಡಿ. ಪರಿಚಿತ ಸಾಧನ ಮತ್ತು ಪರಿಚಿತ ಸ್ಥಳವನ್ನು ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅವಸರದಲ್ಲಿ ಹತ್ತಾರು ಬಾರಿ ತಪ್ಪು ಉತ್ತರ ಕೊಟ್ಟರೆ ಕೆಲವು ಕಾಲ ಬಾಗಿಲು ಮುಚ್ಚಿಬಿಡುತ್ತದೆ. ಇನ್ನು, ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ನಿಮಗೆ ಅದರ ಭಯವಿಲ್ಲ, ಆದರೆ “ಆಮೇಲೆ ನೋಡೋಣ” ಎಂದು ಬಿಡಬಾರದೆನ್ನುವುದಕ್ಕೆ ಹೇಳುತ್ತಿದ್ದೇನೆ.

ಆ ಹಳೆಯ ಇ-ಮೇಲ್ ಶಾಲೆಯವರೋ ಸಂಸ್ಥೆಯವರೋ ಕೊಟ್ಟದ್ದಾಗಿದ್ದರೆ ವಿಚಾರ ಬೇರೆ. ಅದರ ಒಡೆತನ ಸಂಸ್ಥೆಯದು. ವರ್ಗಾವಣೆಯಾದಾಗ ಅಥವಾ ವರ್ಷದ ಕೊನೆಯಲ್ಲಿ ಅವರು ಅದನ್ನು ತೆಗೆದುಹಾಕಬಹುದು. ಗೂಗಲ್‌ನ ಸಂಸ್ಥಾ ಖಾತೆಗಳಲ್ಲಿ ಹಾಗೆ ಅಳಿಸಿದ ವಿಳಾಸವನ್ನು ನಿರ್ವಾಹಕರು 20 ದಿನಗಳೊಳಗೆ ಮಾತ್ರ ಮರಳಿಸಬಲ್ಲರು. ಆದ್ದರಿಂದ ಅಂಥ ಸಂದರ್ಭದಲ್ಲಿ ಓಪನ್‌ಎಐಗಿಂತ ಮೊದಲು ಶಾಲೆಯ ಗಣಕ ವಿಭಾಗ ನೋಡಿಕೊಳ್ಳುವವರನ್ನು ಕಾಣಬೇಕು.

ಹಳೆಯ ಇ-ಮೇಲ್ ಕೈಗೆ ಬಂದ ಮೇಲೆ ಹೊಸ ಫೋನಿಗೆ ಅದನ್ನೂ ಸೇರಿಸಿ, ಚಾಟ್‌ಜಿಪಿಟಿಯಿಂದ ಒಮ್ಮೆ ಹೊರಬಂದು, ಆ ವಿಳಾಸವನ್ನೇ ಆರಿಸಿಕೊಂಡು ಒಳಹೋಗಿ. ಮೊದಲು ಗೂಗಲ್ ಮೂಲಕ ಒಳಹೋಗುತ್ತಿದ್ದವರು ಗೂಗಲ್ ಮೂಲಕವೇ, ಇ-ಮೇಲ್ ಮತ್ತು ಪಾಸ್‌ವರ್ಡ್ ಬರೆದು ಹೋಗುತ್ತಿದ್ದವರು ಹಾಗೆಯೇ ಹೋಗುವುದು ಉತ್ತಮ. ಐಫೋನ್‌ನಲ್ಲಿ ಆ್ಯಪಲ್ ಮೂಲಕ ಖಾತೆ ತೆರೆದು ‘ನನ್ನ ಇ-ಮೇಲ್ ಮರೆಮಾಡಿ’ ಎಂಬುದನ್ನು ಒತ್ತಿದ್ದವರಿಗೆ ಆ್ಯಪಲ್ ತಾನೇ ಸೃಷ್ಟಿಸಿದ ವಿಚಿತ್ರ ವಿಳಾಸವೊಂದು ಗುರುತಾಗಿರುತ್ತದೆ. ಅವರು ತಮ್ಮ ಜಿಮೇಲ್ ಹಾಕಿ ಎಷ್ಟು ಹುಡುಕಿದರೂ ಹಳೆಯ ಖಾತೆ ಸಿಗದು. ಒಳಹೋದ ಮೇಲೂ ಕೆಲವು ಸಂಭಾಷಣೆಗಳು ಮಾತ್ರ ಕಾಣದಿದ್ದರೆ ಸೆಟ್ಟಿಂಗ್ಸ್‌ನ ‘ಡೇಟಾ ಕಂಟ್ರೋಲ್ಸ್’ ಎಂಬಲ್ಲಿ ‘ಆರ್ಕೈವ್ಡ್ ಚಾಟ್ಸ್’ ನೋಡಿ; ಬೆರಳು ತಾಗಿ ಅಲ್ಲಿಗೆ ಸರಿದವು ಅಲ್ಲಿಂದ ಮರಳಿ ಬರುತ್ತವೆ. ‘ಟೆಂಪರರಿ ಚಾಟ್’ನಲ್ಲಿ ಮಾಡಿದ ಮಾತುಕತೆ ಪಟ್ಟಿಗೆ ಸೇರುವುದೇ ಇಲ್ಲ. ಇನ್ನು, ನೀವೇ ಅಳಿಸಿದ್ದು ಬಳಕೆದಾರರಿಗೆ ಮತ್ತೆ ಸಿಗುವುದಿಲ್ಲ. ಕಂಪನಿಯ ಸರ್ವರ್‌ನಿಂದ ಅದು ಪೂರ್ತಿ ಹೋಗಲು 30 ದಿನ ಹಿಡಿಯಬಹುದೆಂದು ಅವರ ನಿಯಮ ಹೇಳುತ್ತದೆ, ಹಾಗೆಂದು ಆ ಅವಧಿಯಲ್ಲಿ ಬೇಡಿಕೊಂಡರೆ ತೆಗೆದುಕೊಡುತ್ತಾರೆಂದು ಅರ್ಥವಲ್ಲ. “ಅಳಿಸಿದ ಚಾಟ್ ಮರಳಿಸಿಕೊಡುತ್ತೇವೆ” ಎನ್ನುವ ಆ್ಯಪ್‌ಗಳ ಜಾಹೀರಾತು ಕಂಡರೆ ದೂರವಿರಿ. ಕಂಪನಿಯ ಸರ್ವರ್‌ನಲ್ಲಿದ್ದುದನ್ನು ನಿಮ್ಮ ಫೋನಿನಲ್ಲಿ ಹುಡುಕುವ ಆ್ಯಪ್‌ಗೆ ಅದು ಸಿಗುವುದಾದರೂ ಹೇಗೆ?

ಈಗ ಹಣದ ವಿಚಾರ. ಇದರಲ್ಲಿ ಮೂರು ಬೇರೆಬೇರೆ ಸಂಗತಿಗಳು ಕಲಸಿಹೋಗುವುದರಿಂದ ನಿಧಾನವಾಗಿ ಹೇಳುತ್ತೇನೆ. ಚಾಟ್‌ಜಿಪಿಟಿ ಖಾತೆ ಒಂದು, ಚಂದಾ ಎರಡನೆಯದು, ಬ್ಯಾಂಕಿಗೆ ನೀವು ಕೊಟ್ಟ ಕಡಿತದ ಅನುಮತಿ ಮೂರನೆಯದು. ಆ್ಯಪ್ ತೆಗೆದರೆ ಈ ಮೂರರಲ್ಲಿ ಒಂದೂ ಹೋಗುವುದಿಲ್ಲ. ಖಾತೆಯನ್ನೇ ಅಳಿಸಿದರೂ, ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್ ಮೂಲಕ ಪಡೆದ ಚಂದಾ ತಾನಾಗಿ ನಿಲ್ಲುವುದಿಲ್ಲ. ಸಿಟ್ಟಿನಲ್ಲಿ ಖಾತೆ ಅಳಿಸಿ, ಆಮೇಲೂ ತಿಂಗಳು ತಿಂಗಳು ಹಣ ಕಟ್ಟಿದವರನ್ನು ನಾನು ನೋಡಿದ್ದೇನೆ. ಹಾಗಾಗಿ ಚಂದಾ ರದ್ದು ಮೊದಲು, ಅಳಿಸುವುದಿದ್ದರೆ ಅದು ಆಮೇಲೆ.

ನಿಮ್ಮ ಯುಪಿಐ ಆ್ಯಪ್ ತೆರೆದು ‘ಆಟೋಪೇ’ ವಿಭಾಗಕ್ಕೆ ಹೋದರೆ ಯಾರ ಹೆಸರಿಗೆ ಎಷ್ಟು ಹಣದ ಅನುಮತಿ ಇದೆ ಎಂಬುದು ಕಾಣುತ್ತದೆ. ಅಲ್ಲಿ ಗೂಗಲ್ ಪ್ಲೇ ಎಂದಿದ್ದರೆ ಚಂದಾ ಆಗಿರುವುದು ಪ್ಲೇ ಸ್ಟೋರ್ ಮೂಲಕ. ಹಳೆಯ ಜಿಮೇಲ್‌ನಿಂದ ಪ್ಲೇ ಸ್ಟೋರ್ ತೆರೆದು ‘ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್’ ಎಂಬಲ್ಲಿ ಅದನ್ನು ರದ್ದು ಮಾಡಬೇಕು. ಓಪನ್‌ಎಐ ಎಂದಿದ್ದರೆ ನೇರವಾಗಿ ಜಾಲತಾಣದಲ್ಲಿ ಪಡೆದದ್ದು. ಚಾಟ್‌ಜಿಪಿಟಿಯ ಸೆಟ್ಟಿಂಗ್ಸ್‌ನಲ್ಲೇ ರದ್ದಾಗುತ್ತದೆ. ಹಳೆಯ ಖಾತೆ ಮರಳಿ ಸಿಕ್ಕಿದರೆ ರದ್ದು ಮಾಡುವ ಅಗತ್ಯವೇ ಬೀಳದಿರಬಹುದು, ಏಕೆಂದರೆ ನೀವು ಕಟ್ಟಿದ 399 ರೂಪಾಯಿಯ ಯೋಜನೆ ಅಲ್ಲೇ ಚಾಲ್ತಿಯಲ್ಲಿರುತ್ತದೆ. ಯಾವ ದಾರಿಯಿಂದಲೂ ಹಳೆಯ ಇ-ಮೇಲ್ ಸಿಗದಿದ್ದರೆ ಆಟೋಪೇ ಅನುಮತಿಯನ್ನು ಯುಪಿಐ ಆ್ಯಪ್‌ನಲ್ಲೇ ರದ್ದುಪಡಿಸಿ. ಇದು ನಿಮ್ಮ ಹಕ್ಕು. ಇದಕ್ಕೆ ಓಪನ್‌ಎಐನ ಒಪ್ಪಿಗೆಯೂ ಬೇಡ, ಅಂಗಡಿಯವರ ನೆರವೂ ಬೇಡ. ಮುಂದಿನ ಕಡಿತ ನಿಲ್ಲುತ್ತದೆ, ಹಣ ಬಾರದ್ದರಿಂದ ಚಂದಾ ತಾನಾಗಿ ಕೊನೆಗೊಳ್ಳುತ್ತದೆ. ಈಗಾಗಲೇ ಹೋದ ಹಣದ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ: ಪ್ಲೇ ಸ್ಟೋರ್ ಖರೀದಿಗೆ ಹಣ ವಾಪಸು ಕೇಳಲು ಗೂಗಲ್ ಕೊಡುವ ಸುಲಭದ ಅವಧಿ 48 ಗಂಟೆ, ಅದು ದಾಟಿದರೆ ಆ್ಯಪ್ ತಯಾರಿಸಿದ ಕಂಪನಿಗೇ ಬರೆಯಬೇಕಾಗುತ್ತದೆ.

ರಿಸರ್ವ್ ಬ್ಯಾಂಕಿನ ನಿಯಮದಂತೆ, ಹೀಗೆ ತಾನಾಗಿ ಆಗುವ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಬರಬೇಕು. ಆ ಸಂದೇಶಗಳು ನಿಮಗೂ ಬಂದಿರುತ್ತವೆ, ದಿನಕ್ಕೆ ಬರುವ ಇಪ್ಪತ್ತು ಜಾಹೀರಾತು ಸಂದೇಶಗಳ ನಡುವೆ ಕಣ್ಣಿಗೆ ಬಿದ್ದಿರಲಾರವು. ನಿಮಗೆ ಸಂಬಂಧಿಸಿದ್ದಲ್ಲದಿದ್ದರೂ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2025ರ ನವೆಂಬರ್ 4ರಿಂದ ಭಾರತದಲ್ಲಿ ಚಾಟ್‌ಜಿಪಿಟಿಯ ‘ಗೋ’ ಯೋಜನೆಯನ್ನು ಒಂದು ವರ್ಷ ಉಚಿತವಾಗಿ ಕೊಡುವ ಕೊಡುಗೆ ಬಂದಾಗ ಬಹಳ ಮಂದಿ ಹಿಂದೆಮುಂದೆ ನೋಡದೆ ಅದನ್ನು ಪಡೆದರು. ಅಂಥ ಕೊಡುಗೆ ಪಡೆಯುವಾಗ ಯುಪಿಐ ಅಥವಾ ಕಾರ್ಡ್ ಜೋಡಿಸಿದ್ದವರು, ಉಚಿತ ಅವಧಿ ಮುಗಿಯುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಚಾಟ್‌ಬಾಟ್ ನಿಮಗೆ ಕೊಟ್ಟ “48 ಗಂಟೆ”ಯ ಭರವಸೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ತಪ್ಪನ್ನು ತಂತ್ರಜ್ಞಾನ ಬಲ್ಲವರೂ ಮಾಡುತ್ತಾರೆ. ಚಾಟ್‌ಜಿಪಿಟಿಯನ್ನು ನಡೆಸುವವರು ಓಪನ್‌ಎಐನವರೇ ಆದ್ದರಿಂದ ಅದಕ್ಕೆ ನಮ್ಮ ಖಾತೆಯ ಸ್ಥಿತಿ ಗೊತ್ತಿರುತ್ತದೆ ಎಂದು ನಾವು ಭಾವಿಸುತ್ತೇವೆ. ಆದರೆ ಮಾತುಕತೆಯ ಕಿಟಕಿಯಲ್ಲಿ ಉತ್ತರಿಸುವ ಎಐ ಮಾದರಿಯ ಕೈಯಲ್ಲಿ ಕಂಪನಿಯ ಲೆಕ್ಕಪತ್ರ ಇರುವುದಿಲ್ಲ. ನಿಮ್ಮ ದೂರನ್ನು ಅದು ಯಾರಿಗೂ ದಾಟಿಸಿರುವುದಿಲ್ಲ, ಯಾವ ಮರುಸ್ಥಾಪನೆಯನ್ನೂ ಆರಂಭಿಸಿರುವುದಿಲ್ಲ. ಇಂಥ ದೂರಿಗೆ ಗ್ರಾಹಕ ಸೇವೆಯವರು ಸಾಮಾನ್ಯವಾಗಿ ಹೇಗೆ ಉತ್ತರಿಸುತ್ತಾರೋ ಅದೇ ಧಾಟಿಯ ವಾಕ್ಯವನ್ನು ಅದು ಹೆಣೆದುಕೊಟ್ಟಿತು, ಅಷ್ಟೆ. 2025ರ ಏಪ್ರಿಲ್‌ನಲ್ಲಿ ಕರ್ಸರ್ ಎಂಬ ತಂತ್ರಾಂಶದ ಬಳಕೆದಾರರಿಗೆ ಇದರ ದೊಡ್ಡ ಪಾಠವಾಯಿತು. ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಹೋದೊಡನೆ ಖಾತೆ ತಾನಾಗಿ ಲಾಗ್ಔಟ್ ಆಗುತ್ತಿತ್ತು. ದೂರು ಕೊಟ್ಟವರಿಗೆ ‘ಸ್ಯಾಮ್’ ಎಂಬ ಹೆಸರಿನಲ್ಲಿ ಬಂದ ಉತ್ತರ, ಒಂದು ಚಂದಾಕ್ಕೆ ಒಂದೇ ಸಾಧನ ಎಂಬುದು ಕಂಪನಿಯ ಹೊಸ ನೀತಿ ಎಂದು ಹೇಳಿತು. ಅಂಥ ನೀತಿಯೇ ಇರಲಿಲ್ಲ, ಸ್ಯಾಮ್ ಮನುಷ್ಯನೂ ಆಗಿರಲಿಲ್ಲ. ಚಂದಾ ರದ್ದು ಮಾಡಿ ಹೊರಟವರಿಗೆ ಕಂಪನಿ ಕೊನೆಗೆ ಕ್ಷಮೆ ಕೇಳಬೇಕಾಯಿತು. ಸಹಾಯಕ್ಕೆಂದೇ ಕೂರಿಸಿದ ಬಾಟ್ ಕೂಡ ಹೀಗೆ ಕತೆ ಕಟ್ಟಬಲ್ಲದಾದರೆ, ಪಾಠಯೋಜನೆ ಬರೆದುಕೊಡುವ ಬಾಟ್‌ನ ಮಾತನ್ನು ಖಾತೆಯ ವಿಷಯದಲ್ಲಿ ನಂಬಿ ಒಂದು ವಾರ ಕಾಯುವುದು ವ್ಯರ್ಥ.

ದೂರವಾಣಿಯಲ್ಲಿ ನೀವು ತೋರಿದ ಎಚ್ಚರವನ್ನು ಮೆಚ್ಚಬೇಕು. ಖಾತೆಯ ತೊಂದರೆ ಬಗೆಹರಿಸಲು ಬಳಕೆದಾರರು ಕರೆ ಮಾಡಬಹುದಾದ ಗ್ರಾಹಕ ಸೇವಾ ದೂರವಾಣಿಯನ್ನು ಓಪನ್‌ಎಐ ಇಟ್ಟುಕೊಂಡಿಲ್ಲ. ಅವರ ಸಹಾಯ ಪುಟದಲ್ಲಿ ಬರಹದ ಮೂಲಕವೇ ಸಂಪರ್ಕಿಸಬೇಕು. ಅಂತರ್ಜಾಲದಲ್ಲಿ ಅವರ ಹೆಸರಿನಲ್ಲಿ ಸಿಗುವ ಹತ್ತಂಕಿಯ ಸಂಖ್ಯೆಗಳನ್ನು ವಂಚಕರದೆಂದೇ ತಿಳಿಯಬೇಕು. ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸುವುದರ ಉದ್ದೇಶ ನಿಮ್ಮ ಪರದೆಯ ಮೇಲೆ ಬರುವ ಒಟಿಪಿಯನ್ನು ಓದುವುದು. ನೀವು ಹಾಕಿಕೊಳ್ಳುವ ಮೊದಲೇ ಕರೆ ಕಡಿದಿದ್ದರಿಂದ ಏನೂ ಆಗಿಲ್ಲ. ಹಾಕಿಕೊಂಡವರು ಇದ್ದರೆ ಅಂತರ್ಜಾಲ ಸಂಪರ್ಕ ಕಡಿದು, ಆ ಆ್ಯಪ್ ತೆಗೆದು, ಬ್ಯಾಂಕಿಗೆ ತಿಳಿಸಿ, 1930 ಸಂಖ್ಯೆಯ ಸೈಬರ್ ಸಹಾಯವಾಣಿಗೆ ತಡಮಾಡದೆ ಕರೆ ಮಾಡಬೇಕು. ಗ್ರಾಹಕರ ತಪ್ಪಿಲ್ಲದೆ ಹೊರಗಿನವರ ವಂಚನೆಯಿಂದ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ಗ್ರಾಹಕರ ತಲೆಗೆ ಬರುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ ಸುತ್ತೋಲೆಯಲ್ಲಿ ಹೇಳಿತ್ತು. ಆದರೆ ಒಟಿಪಿಯನ್ನು ನಾವೇ ಕೊಟ್ಟಿದ್ದರೆ ಆ ರಕ್ಷಣೆ ಸಿಗುವುದು ಕಷ್ಟ.

ಹಾಗಾದರೆ ನಿಜವಾಗಿ ಹ್ಯಾಕ್ ಆದ ಖಾತೆ ಹೇಗಿರುತ್ತದೆ? ಅದರಲ್ಲಿ ಸಾಮಾನ್ಯವಾಗಿ ಸಂಭಾಷಣೆಗಳು ಕಡಿಮೆಯಾಗಿರುವುದಿಲ್ಲ, ಹೆಚ್ಚಾಗಿರುತ್ತವೆ: ನೀವು ಕೇಳದ ಪ್ರಶ್ನೆಗಳು, ನಿಮಗೆ ಬಾರದ ಭಾಷೆಯ ಮಾತುಕತೆ, ನೀವು ಮುಟ್ಟದಿದ್ದರೂ ಮುಗಿದುಹೋಗಿರುವ ಬಳಕೆಯ ಮಿತಿ. ಗ್ರೂಪ್-ಐಬಿ ಎಂಬ ಭದ್ರತಾ ಸಂಸ್ಥೆ 2023ರ ಜೂನ್‌ನಲ್ಲಿ ಪ್ರಕಟಿಸಿದ ವರದಿಯಲ್ಲಿ, ಚಾಟ್‌ಜಿಪಿಟಿಯ ಲಾಗಿನ್ ವಿವರ ಉಳಿಸಿಕೊಂಡಿದ್ದ ಒಂದು ಲಕ್ಷಕ್ಕೂ ಹೆಚ್ಚು ಸಾಧನಗಳಿಂದ ಆ ವಿವರಗಳು ಕಳುವಾಗಿ ಕಳ್ಳಮಾರುಕಟ್ಟೆಗೆ ಬಂದಿದ್ದುದನ್ನು ಹೇಳಿತ್ತು. ದೇಶವಾರು ಪಟ್ಟಿಯಲ್ಲಿ ಭಾರತವೇ ಮೇಲಿತ್ತು. ಅಲ್ಲಿ ಒಡೆದದ್ದು ಓಪನ್‌ಎಐನ ಗೋಡೆಯಲ್ಲ, ಬಳಕೆದಾರರ ಗಣಕಯಂತ್ರಕ್ಕೆ ಹೊಕ್ಕಿದ್ದ ಕಳ್ಳ ತಂತ್ರಾಂಶ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಎತ್ತಿಕೊಂಡು ಹೋಗಿತ್ತು. ಪುಕ್ಕಟೆ ಸಿಗುತ್ತದೆಂದು ಇಳಿಸಿಕೊಂಡ ಕದ್ದ ತಂತ್ರಾಂಶಗಳ ಮೂಲಕ ಇಂಥವು ಬರುತ್ತವೆ. ಅಂಥ ಅನುಮಾನ ಬಂದರೆ ಮೊದಲು ಯಂತ್ರವನ್ನು ಶುಚಿಗೊಳಿಸಿ, ಆಮೇಲೆ ಪಾಸ್‌ವರ್ಡ್ ಬದಲಿಸಿ, ಸೆಟ್ಟಿಂಗ್ಸ್‌ನಲ್ಲಿ ಎಲ್ಲ ಸಾಧನಗಳಿಂದ ಲಾಗ್ಔಟ್ ಮಾಡುವ ಗುಂಡಿ ಒತ್ತಬೇಕು. ಈ ಕ್ರಮ ತಲೆಕೆಳಗಾದರೆ ಹೊಸ ಪಾಸ್‌ವರ್ಡ್ ಕೂಡ ಕಳ್ಳನ ಕೈಗೇ ಹೋಗುತ್ತದೆ. ಗೂಗಲ್ ಮೂಲಕ ಒಳಹೋಗುವವರಿಗೆ ಚಾಟ್‌ಜಿಪಿಟಿಯಲ್ಲಿ ಬದಲಿಸಲು ಬೇರೆ ಪಾಸ್‌ವರ್ಡ್ ಇರುವುದಿಲ್ಲ. ಅವರು ಭದ್ರಪಡಿಸಬೇಕಾದದ್ದು ಗೂಗಲ್ ಖಾತೆಯನ್ನೇ.

ಕೆಲವೊಮ್ಮೆ ತೊಂದರೆ ನಮ್ಮ ಕಡೆ ಇರುವುದೇ ಇಲ್ಲ. 2023ರ ಮಾರ್ಚ್ 20ರಂದು ತಂತ್ರಾಂಶದ ದೋಷವೊಂದರಿಂದ ಒಬ್ಬರ ಸಂಭಾಷಣೆಗಳ ಶೀರ್ಷಿಕೆಗಳು ಇನ್ನೊಬ್ಬರಿಗೆ ಕಂಡು, ಓಪನ್‌ಎಐ ಸೇವೆಯನ್ನೇ ನಿಲ್ಲಿಸಿತ್ತು. ಅದು ಮರಳಿದ ಮೇಲೂ ಸ್ವಲ್ಪ ಕಾಲ ಹಳೆಯ ಸಂಭಾಷಣೆಗಳ ಪಟ್ಟಿ ಕಾಣುತ್ತಿರಲಿಲ್ಲ. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಎಂಬ ಮಧ್ಯವರ್ತಿ ಸೇವೆ ಕೆಟ್ಟಾಗ ಚಾಟ್‌ಜಿಪಿಟಿ ತೆರೆದವರಿಗೆ, ಕ್ಲೌಡ್‌ಫ್ಲೇರ್‌ನ ಒಂದು ವಿಳಾಸವನ್ನು ತಡೆಹಿಡಿದಿದ್ದೀರಿ, ತೆರವು ಮಾಡಿ ಎಂಬ ಸಂದೇಶ ಬರುತ್ತಿತ್ತು. ತಾವೇ ಏನೋ ತಡೆದಿದ್ದೇವೆಂದು ಭಾವಿಸಿ ಅಂದು ಎಷ್ಟೋ ಜನ ಫೋನಿನ ಸೆಟ್ಟಿಂಗ್ಸ್ ಎಲ್ಲ ಕಲಕಿದರು. ನನಗೇ ಅಂದು ಸಂಜೆಯಿಂದ ರಾತ್ರಿಯವರೆಗೆ ಕರೆಗಳು. ಅಂಥ ದಿನ ಓಪನ್‌ಎಐನ ಸ್ಥಿತಿಗತಿ ಪುಟವನ್ನು ನೋಡಿ ಸುಮ್ಮನಿರುವುದೇ ಸರಿ. ನಿಮ್ಮದು ಆ ಜಾತಿಯ ತೊಂದರೆಯಲ್ಲ, ಏಕೆಂದರೆ ಒಂದು ವಾರ ಕಳೆದರೂ ಸರಿಹೋಗಿಲ್ಲ.

ನುಡಿಯ ಟಿಪ್ಪಣಿಗಳಿಗೂ ಖಾತೆಗೂ ಸಂಬಂಧವಿಲ್ಲ. ಹಳೆಯ ನುಡಿ, ಬರಹ ತಂತ್ರಾಂಶಗಳ, ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಗಣಕಯಂತ್ರಗಳು ಬಳಸುವ ಸಮಾನ ಸಂಕೇತ ಪದ್ಧತಿ) ಅಲ್ಲದ ಅಕ್ಷರಶೈಲಿಗಳಲ್ಲಿ ನಾವು ಬೆರಳಚ್ಚಿಸಿದ್ದು ಕಡತದೊಳಗೆ ಕನ್ನಡವಾಗಿ ಉಳಿದಿರುವುದಿಲ್ಲ. ಒಳಗಿರುವುದು ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳ ಸಂಕೇತಗಳು. ಆ ಅಕ್ಷರಶೈಲಿ ಅವುಗಳಿಗೆ ಕನ್ನಡದ ರೂಪ ತೊಡಿಸಿ ತೋರಿಸುತ್ತದೆ. ಅಂಟಿಸಿದಾಗ ವೇಷ ಕಳಚಿ ಒಳಗಿನದು ಹೊರಬೀಳುತ್ತದೆ. ಮೊದಲು ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ ಅಂಟಿಸಿ. ಪರಿವರ್ತನೆಯ ಬಳಿಕ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ಹಳಗನ್ನಡದ ಪದ್ಯಗಳಲ್ಲಂತೂ ಇದು ಬಹಳ ಮುಖ್ಯ.

ಉದ್ದದ ಪಾಠ ಅರ್ಧಕ್ಕೆ ನಿಲ್ಲುವುದಕ್ಕೂ ಕಾರಣ ಲಿಪಿಯಲ್ಲೇ ಇದೆ. ಈ ಯಂತ್ರಗಳು ಪಠ್ಯವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆದು ಲೆಕ್ಕ ಹಾಕುತ್ತವೆ, ಒಂದು ಸಲಕ್ಕೆ ಇಷ್ಟೇ ತುಣುಕು ಎಂಬ ಮಿತಿ ಇರುತ್ತದೆ. ರೋಮನ್ ಅಕ್ಷರಕ್ಕೆ ಒಂದು ಬೈಟ್ (ಗಣಕಯಂತ್ರದ ಸಂಗ್ರಹದ ಅಳತೆ) ಸಾಕಾದರೆ ಕನ್ನಡದ ಪ್ರತಿ ವರ್ಣಕ್ಕೂ, ಗುಣಿತಚಿಹ್ನೆಗೂ ಮೂರು ಮೂರು ಬೈಟ್ ಬೇಕು. ಹಾಗಾಗಿ ಅದೇ ವಿಷಯ ಕನ್ನಡದಲ್ಲಿದ್ದರೆ ತುಣುಕುಗಳು ಹೆಚ್ಚಾಗುತ್ತವೆ. 2024ರ ಮೇ ತಿಂಗಳಲ್ಲಿ ಓಪನ್‌ಎಐನ ಜಿಪಿಟಿ-4ಒ ಎಂಬ ಮಾದರಿ ಬಂದಾಗ ಇದು ಸಾಕಷ್ಟು ಸುಧಾರಿಸಿತು. ನಮ್ಮ ಲಿಪಿಗೆ ತೀರ ಹತ್ತಿರದ ತೆಲುಗಿನಲ್ಲಿ ಓಪನ್‌ಎಐ ಕೊಟ್ಟ ಮಾದರಿ ವಾಕ್ಯಕ್ಕೆ ಮೊದಲು 159 ತುಣುಕು ಬೇಕಿದ್ದುದು 45ಕ್ಕೆ ಇಳಿಯಿತು. ಹಾಗಿದ್ದರೂ ಇಡೀ ಪಾಠವನ್ನು ಒಂದೇ ಸಲಕ್ಕೆ ಕೊಡದೆ ಎರಡು ಮೂರು ಭಾಗ ಮಾಡಿ ಕೊಡುವುದೇ ಲೇಸು. ಪ್ರತಿ ಘಟಕಕ್ಕೂ ಹೊಸ ಸಂಭಾಷಣೆ ಆರಂಭಿಸಿದರೆ ಮಿತಿಯ ತಂಟೆಯೂ ಕಡಿಮೆ, ಆಮೇಲೆ ಹುಡುಕುವುದೂ ಸುಲಭ.

ಹಳೆಯ ಖಾತೆಗೆ ಹೋದ ದಿನವೇ ಮಾಡಬೇಕಾದ ಒಂದು ಕೆಲಸವಿದೆ. ಸೆಟ್ಟಿಂಗ್ಸ್‌ನ ‘ಡೇಟಾ ಕಂಟ್ರೋಲ್ಸ್’ ವಿಭಾಗದಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿದರೆ ನಿಮ್ಮ ಎಲ್ಲ ಸಂಭಾಷಣೆಗಳ ಕಡತಕ್ಕೆ ಕೊಂಡಿಯೊಂದು ಇ-ಮೇಲ್‌ಗೆ ಬರುತ್ತದೆ. ಅದು 24 ಗಂಟೆಗಳಲ್ಲಿ ನಿಷ್ಕ್ರಿಯವಾಗುವುದರಿಂದ ಕೂಡಲೇ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿಡಿ. ಒಂದು ಖಾತೆಯ ಸಂಭಾಷಣೆಗಳನ್ನು ಇನ್ನೊಂದು ವೈಯಕ್ತಿಕ ಖಾತೆಗೆ ಸೇರಿಸುವ ಸೌಲಭ್ಯ ಇಲ್ಲ, ಆದ್ದರಿಂದ ಅಂಗಡಿಯಲ್ಲಿ ಹುಟ್ಟಿದ ಹೊಸ ಖಾತೆಯಲ್ಲಿ ಈ ಒಂದು ತಿಂಗಳು ನೀವು ಬರೆಸಿಕೊಂಡದ್ದೇನಾದರೂ ಇದ್ದರೆ ಅದನ್ನೂ ಹೀಗೆಯೇ ಇಳಿಸಿಕೊಳ್ಳಿ. ಅಲ್ಲಿಯವರೆಗೆ ಒಡೆದ ಪರದೆಯ ಆ ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ, ರೀಸೆಟ್ ಮಾಡಲೂ ಬಿಡಬೇಡಿ.